ಸ್ಕೋಪ್ ಬಿಚ್ಚಿಟ್ಟ ಮೇಲೆ

ಮಧುಗಿರಿಯಲ್ಲಿ ಅಕ್ಕನ ಮನೆಯ ಮಾಳಿಗೆ ಹತ್ತಿದರೆ ಇಡೀ ಬೆಟ್ಟ ಎದುರಿಗೇ ನಿಂತಿರುತ್ತದೆ. ಒಂದೇ ಬಂಡೆ. 3,930 ಅಡಿ ಅಂತ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಬೆಳಗ್ಗೆ ಹೊತ್ತು ಕೋಟೆಗೆ ಹತ್ತುವವರು ಕಲ್ಲಿನ ಮೈಮೇಲೆ ಇರುವೆ ಸಾಲಿನ ಹಾಗೆ ಕಾಣುತ್ತಾರೆ.

ಎರಡು ವರ್ಷದ ಹಿಂದೆ, ಸಂಕ್ರಾಂತಿಯ ಮಾರನೇ ದಿನ, ಅಕ್ಕನ ಮಗ ಕೇಳಿದ. "ಮಾವ, ನಿಮ್ಮ ಸ್ಕೋಪಲ್ಲಿ ಕೋಟೆ ಗೋಡೆ ಕಾಣುತ್ತಾ?" ನನ್ನ ಏರ್ ರೈಫಲ್ ಜೊತೆಗೇ ತಂದಿದ್ದೆ. ಹಿತ್ತಲಲ್ಲಿ ಡಬ್ಬ ಇಟ್ಟು ಅವನಿಗೆ ಹೊಡೆಯೋದು ಕಲಿಸೋಣ ಅಂತ. ಮೇಲೆ 3-9x40 ಸ್ಕೋಪ್ ಕೂತಿತ್ತು, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಗುರಿ ಹಿಡಿಯುವ ದುರ್ಬೀನು. ಬ್ಯಾರಲ್ ಬಗ್ಗಿಸಿ ಒಳಗೆ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಇಲ್ಲ ಅಂತ ನೋಡಿಕೊಂಡೆ. ಮಾಳಿಗೆಯ ಕಟ್ಟೆ ಮೇಲೆ ಟವೆಲ್ ಮಡಿಸಿ ಹಾಕಿ, ರೈಫಲ್ ಒರಗಿಸಿ, ಒಂಬತ್ತು ಪಟ್ಟಿಗೆ ತಿರುಗಿಸಿ ಕಣ್ಣಿಟ್ಟೆ.

ಕೋಟೆ ಗೋಡೆ ಸಿಕ್ಕಿತು. ಕಲ್ಲಿನ ಸಂದಿಯಲ್ಲಿ ಬೆಳೆದ ಗಿಡ ಕೂಡ ಕಂಡಿತು. ಹಾಗೇ ನಿಧಾನಕ್ಕೆ ಕೆಳಗೆ ಇಳಿಸಿದೆ. ಮೆಟ್ಟಿಲ ಮೇಲೆ ಒಬ್ಬರು ಸುಧಾರಿಸಿಕೊಳ್ಳಲು ಕೂತಿದ್ದರು. ನೀಲಿ ಅಂಗಿ. ತಲೆ ಹಿಂದಕ್ಕೆ ವಾಲಿಸಿ ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ಸ್ಕೋಪಿನ ಎರಡು ಕಪ್ಪು ಗೆರೆ ಸೇರುವ ಜಾಗ ಸರಿಯಾಗಿ ಅವರ ಎದೆಯ ಮೇಲಿತ್ತು. ನನ್ನ ನಾಡಿ ಬಡಿದಂತೆಲ್ಲ ಆ ಗೆರೆ ಅವರ ಅಂಗಿಯ ಮೇಲೆ ಸಣ್ಣಗೆ ಆಡುತ್ತಿತ್ತು.

ಕೈ ತೆಗೆದುಬಿಟ್ಟೆ. ಹುಡುಗ "ನಂಗೂ, ನಂಗೂ" ಅಂತ ಪಕ್ಕದಲ್ಲೇ ಕುಣಿಯುತ್ತಿದ್ದ. ಅವನಿಗೆ ಕೊಡಲಿಲ್ಲ. ರೈಫಲ್ ಚೀಲಕ್ಕೆ ಹಾಕಿ ಕೆಳಗೆ ಇಳಿದೆ. ಅಷ್ಟು ದೂರಕ್ಕೆ ಪೆಲೆಟ್ ಹೋಗುವುದೂ ಇಲ್ಲ, ಬ್ಯಾರಲ್ಲಿನಲ್ಲಿ ಪೆಲೆಟ್ ಇರಲೂ ಇಲ್ಲ. ಆದರೂ ಆವತ್ತು ಮಧ್ಯಾಹ್ನದ ಊಟ ಸೇರಲಿಲ್ಲ. ಮುಂದಿನ ಭಾನುವಾರ ನಾನು ಶೂಟಿಂಗ್ ಕಲಿಯುವ ತುಮಕೂರಿನ ರೇಂಜಿನಲ್ಲಿ ಕೋಚ್ ಹತ್ತಿರ ಎಲ್ಲ ಹೇಳಿದೆ. ಅವರು ಸೇನೆಯಲ್ಲಿದ್ದು ನಿವೃತ್ತರಾದವರು, ಮಾತು ಕಮ್ಮಿ. ಕೇಳಿಸಿಕೊಂಡು ಇಷ್ಟೇ ಅಂದರು. "ಖಾಲಿ ಇತ್ತು ಅನ್ನೋದು ನಿಮಗೆ ಗೊತ್ತಿತ್ತು. ಅವರಿಗೆ ಗೊತ್ತಿತ್ತಾ?"

ಆ ವಾರವೇ ಸ್ಕೋಪ್ ಬಿಚ್ಚಿಟ್ಟೆ.

ಅದನ್ನು ಯಾಕೆ ಕೊಂಡಿದ್ದೆ ಅಂತ ಹೇಳಬೇಕು. ನನಗೆ ಚಾಳೀಸು ಬಂದಿತ್ತು. ಪೇಪರನ್ನು ಕೈ ಚಾಚಿ ಓದುವ ವಯಸ್ಸು. ರೈಫಲ್ಲಿನ ಸಾದಾ ಸೈಟಿನಲ್ಲಿ ಕಣ್ಣು ಮೂರು ದೂರವನ್ನು ಒಟ್ಟಿಗೆ ನಿಭಾಯಿಸಬೇಕು: ಹತ್ತಿರದ ಹಿಂದಿನ ಸೈಟು, ಬ್ಯಾರಲ್ ತುದಿಯ ಮುಂದಿನ ಸೈಟು, ಆಚೆಗಿನ ಗುರಿ. ಎಳೇ ಕಣ್ಣು ಪಟಪಟನೆ ಇವುಗಳ ನಡುವೆ ಓಡಾಡುತ್ತದೆ. ವಯಸ್ಸಾದ ಕಣ್ಣಿನ ಮಸೂರ ಗಟ್ಟಿಯಾಗಿರುತ್ತದೆ, ಅಷ್ಟು ಬೇಗ ಬಾಗುವುದಿಲ್ಲ. ಸ್ಕೋಪಿನಲ್ಲಿ ಈ ತೊಂದರೆ ಇಲ್ಲ. ಗುರಿಯೂ ಗೆರೆಯೂ ಒಂದೇ ಮಟ್ಟದಲ್ಲಿ ಕಾಣುತ್ತವೆ. ಹಾಗಾಗಿ ನನ್ನಂಥವರಿಗೆ ಅದು ನಿಜವಾದ ಸಹಾಯ. ಅದರಲ್ಲಿ ಸಂದೇಹ ಇಲ್ಲ.

ಆದರೆ ಸ್ಕೋಪ್ ಎರಡು ವಿಷಯ ಕಲಿಸಿತು. ಒಂದು, ಸ್ಪ್ರಿಂಗಿನ ಏರ್ ರೈಫಲ್ ಸ್ಕೋಪಿಗೆ ಬಹಳ ಕಷ್ಟ ಕೊಡುತ್ತದೆ. ಮದ್ದಿನ ರೈಫಲ್ ಒದೆಯುವುದು ಹಿಂದಕ್ಕೆ ಮಾತ್ರ. ಸ್ಪ್ರಿಂಗ್ ರೈಫಲ್ಲಿನಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಸಿಲಿಂಡರಿನ ತುದಿಗೆ ಹೋಗಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಒಂದೇ ಗುಂಡಿಗೆ ಎರಡು ದಿಕ್ಕಿನ ಪೆಟ್ಟು. ಹಿಂದಿನ ಪೆಟ್ಟನ್ನಷ್ಟೇ ತಡೆಯುವಂತೆ ಮಾಡಿದ ಸ್ಕೋಪು ಇದಕ್ಕೆ ಬಾಳುವುದಿಲ್ಲ. ನನ್ನ ಮೊದಲನೆಯದರಲ್ಲಿ ಕೆಲವೇ ತಿಂಗಳಿಗೆ ಗೆರೆ ಓರೆಯಾಗಿ ತಿರುಗಿ ನಿಂತಿತು. ಅಂಗಡಿಯವರು ಇದನ್ನು ಮೊದಲೇ ಹೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಕೊಳ್ಳುವವರು ದಯವಿಟ್ಟು ಕೇಳಿಕೊಂಡು ಕೊಳ್ಳಿ.

ಎರಡನೆಯದು ದೊಡ್ಡದು. ಸ್ಕೋಪ್ ಗುರಿಯನ್ನು ಹತ್ತಿರ ತರುತ್ತದೆ, ಕೈಯನ್ನು ಗಟ್ಟಿ ಮಾಡುವುದಿಲ್ಲ. ಒಂಬತ್ತು ಪಟ್ಟಿಗೆ ಇಟ್ಟರೆ ನಡುಕವೂ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಹೊಸಬರು ಅದನ್ನು ನೋಡಿ ಗಾಬರಿಯಾಗುತ್ತಾರೆ. ಗೆರೆ ಗುರಿಯ ಮೇಲೆ ಹಾದುಹೋಗುವ ಗಳಿಗೆಗೆ ಕಾದು ಟ್ರಿಗರನ್ನು ಥಟ್ಟನೆ ಎಳೆಯುತ್ತಾರೆ. ಆ ಎಳೆತಕ್ಕೇ ಗುಂಡು ಆಚೆ ಹೋಗುತ್ತದೆ. ನಾಲ್ಕು ಪಟ್ಟಿನಲ್ಲಿ ನನಗೆ ಬಿದ್ದ ತೂತುಗಳ ಗುಂಪು ಒಂಬತ್ತರಲ್ಲಿ ಬಿದ್ದದ್ದಕ್ಕಿಂತ ಯಾವಾಗಲೂ ಚಿಕ್ಕದು.

ಇನ್ನು ಓರೆನೋಟ. ಗೋಡೆ ಗಡಿಯಾರವನ್ನು ಪಕ್ಕದಿಂದ ನೋಡಿದರೆ ಮುಳ್ಳು ಒಂದೆರಡು ನಿಮಿಷ ಆಚೀಚೆ ತೋರಿಸುತ್ತದೆ ಅಲ್ವಾ? ಮುಳ್ಳಿಗೂ ಅಂಕಿಗೂ ನಡುವೆ ಅಂತರ ಇರುವುದರಿಂದ ಹಾಗೆ. ಸ್ಕೋಪಿನಲ್ಲೂ ಅದೇ. ಬೇಟೆ ರೈಫಲ್ಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನೇ 10 ಮೀಟರಿಗೆ ಹಿಡಿದರೆ ತಲೆ ಸ್ವಲ್ಪ ಸರಿದರೂ ಗೆರೆ ಗುರಿಯ ಮೇಲೆ ತೇಲಾಡುತ್ತದೆ. ಏರ್ ರೈಫಲ್ಲಿಗೆ ಮುಂದಿನ ಗಾಜು ತಿರುಗಿಸಿ ದೂರ ಹೊಂದಿಸಿಕೊಳ್ಳುವ ಸ್ಕೋಪೇ ಬೇಕು.

ಗಡಿಯಾರದ ಹೋಲಿಕೆ ನನಗೆ ಸುಮ್ನೆ ಬಂದದ್ದಲ್ಲ. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಮನೆಯಲ್ಲೂ ಒಂದು ಕಣ್ಣಿಗೆ ಕಪ್ಪು ಐ ಗ್ಲಾಸ್ ಸಿಕ್ಕಿಸಿಕೊಂಡು ಪಕ್ಕದ ಮನೆಯವರ ವಾಚು ಬಿಚ್ಚುತ್ತಿದ್ದರು. ಚಿಕ್ಕ ಚಕ್ರವನ್ನು ಚಿಮಟದಲ್ಲಿ ಎತ್ತಿ ಇಡುವಾಗ ಉಸಿರು ಅರ್ಧ ಬಿಟ್ಟು ನಿಲ್ಲಿಸುತ್ತಿದ್ದರು. ಆಗ ನಾವು ಯಾರೂ ಮಾತಾಡುತ್ತಿರಲಿಲ್ಲ. ರೇಂಜಿಗೆ ಹೋದ ಮೊದಲ ದಿನ ಕೋಚ್ "ಉಸಿರು ಅರ್ಧ ಬಿಟ್ಟು ನಿಲ್ಲಿಸಿ" ಅಂದಾಗ ನನಗೆ ನೆನಪಾದದ್ದು ಅಪ್ಪನ ಆ ಬೆನ್ನು. ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲಿ ಬಂತು. ಆ ಐ ಗ್ಲಾಸ್ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ನಮ್ಮ ರೇಂಜ್ ದೊಡ್ಡದೇನಲ್ಲ. ಹಳೇ ಗೋಡೌನು, ಎಂಟು ಲೇನು, ಮೇಲೆ ತಗಡಿನ ಸೀಟು. ಕಾಗದದ ಕಾರ್ಡನ್ನು ಕ್ಲಿಪ್ಪಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರೆ ತಂತಿಯ ಮೇಲೆ ಗುಯ್ಯೆಂದು 10 ಮೀಟರ್ ಆಚೆ ಹೋಗಿ ನಿಲ್ಲುತ್ತದೆ. ಭಾನುವಾರ ಏಳೂವರೆಗೆ ಬಾಗಿಲು ತೆಗೆಯುತ್ತಾರೆ. ನಾನು ಕಾಫಿ ಕುಡಿಯದೆ ಹೋಗುತ್ತೇನೆ. ಕುಡಿದು ಹೋದ ದಿನ ನಾಡಿಯ ಬಡಿತ ಸೈಟಿನಲ್ಲೇ ಕಾಣುತ್ತದೆ.

ಇಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ನಿಯಮವೇ ಹಾಗೆ. ಹಿಂದೆ ಒಂದು ಮಿಲಿಮೀಟರ್ ಆಸುಪಾಸಿನ ತೂತು, ಮುಂದೆ ಒಂದು ಕೊಳವೆ, ಅದರೊಳಗೆ ಒಂದು ಉಂಗುರ. ಹಿಂದಿನ ತೂತಿನೊಳಗೆ ಮುಂದಿನ ಕೊಳವೆ, ಕೊಳವೆಯೊಳಗೆ ಉಂಗುರ, ಉಂಗುರದೊಳಗೆ ಕಾರ್ಡಿನ ಕಪ್ಪು ಚೆಂಡು. ನೀರಿಗೆ ಕಲ್ಲು ಹಾಕಿದಾಗ ಏಳುವ ಬಳೆಗಳ ಹಾಗೆ ಒಂದರೊಳಗೆ ಒಂದು ಕೂರಬೇಕು. ಉಂಗುರಕ್ಕೂ ಕಪ್ಪಿಗೂ ನಡುವಿನ ಬಿಳಿ ಸುತ್ತಲೂ ಒಂದೇ ಸಮ ಇರಬೇಕು.

ಮೊದಲ ಸಲ ಆ ತೂತಿಗೆ ಕಣ್ಣಿಟ್ಟಾಗ ಆಶ್ಚರ್ಯವಾಯಿತು. ನನ್ನ ಚಾಳೀಸಿನ ಕಣ್ಣಿಗೆ ಉಂಗುರ ಚೂಪಾಗಿ ಕಂಡಿತು! ಸಣ್ಣ ತೂತು ಬೆಳಕಿನ ಅಡ್ಡಾದಿಡ್ಡಿ ಕಿರಣಗಳನ್ನು ತಡೆದು ಕಿರಿದಾದ ಒಂದು ಎಳೆಯನ್ನಷ್ಟೇ ಒಳಗೆ ಬಿಡುತ್ತದೆ. ಹಾಗಾಗಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸುಮಾರಾಗಿ ಸ್ಪಷ್ಟವಾಗುತ್ತದೆ. ಕನ್ನಡಕ ಮರೆತು ಬಂದವರು ಬಸ್ಸಿನ ಬೋರ್ಡನ್ನು ಕಣ್ಣು ಕಿರಿದು ಮಾಡಿ ಓದುತ್ತಾರಲ್ಲ, ಅದೇ ಕೆಲಸ. ಸಾವಿರಾರು ರೂಪಾಯಿಯ ಗಾಜು ಮಾಡಿದ ಸಹಾಯವನ್ನು ಒಂದು ತೂತು ಮಾಡಿತ್ತು.

ಈಗ ಕಾರ್ಡಿನ ಲೆಕ್ಕ ನೋಡಿ. ಕಪ್ಪು ಭಾಗದ ಅಗಲ 30.5 ಮಿಲಿಮೀಟರ್. ನಟ್ಟನಡುವಿನ ಹತ್ತು ಅಂಕ ಬರೀ ಅರ್ಧ ಮಿಲಿಮೀಟರಿನ ಚುಕ್ಕೆ. ಪೆಲೆಟ್ 4.5 ಮಿಲಿಮೀಟರ್. ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ. ಒಳ್ಳೆಯ ಕಣ್ಣು 10 ಮೀಟರ್ ದೂರದಲ್ಲಿ ಬಿಡಿಸಿ ನೋಡಬಲ್ಲದ್ದು ಸುಮಾರು 3 ಮಿಲಿಮೀಟರಿನ ಅಂತರವನ್ನು ಮಾತ್ರ. ಅಂದರೆ ಆ ಚುಕ್ಕೆ ಶೂಟರಿಗೆ ಕಾಣುವುದೇ ಇಲ್ಲ. ಯಾರಿಗೂ ಕಾಣುವುದಿಲ್ಲ. ಕಾಣದ ಚುಕ್ಕೆಗೆ ಹೊಡೆಯುವುದು ಸುತ್ತಲ ಬಿಳಿಯನ್ನು ಸಮ ಮಾಡುವುದರಿಂದ.

2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಗೆದ್ದದ್ದು ಇದೇ 10 ಮೀಟರಿನಲ್ಲಿ. ಕೊನೆಯ ಒಂದು ಗುಂಡು ಬಾಕಿ ಇರುವಾಗ ಅವರೂ ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಅವರೂ ಸಮಸಮ. ಫೈನಲ್ಲಿನಲ್ಲಿ ಹತ್ತನ್ನೂ ಸಣ್ಣ ಭಾಗ ಮಾಡಿ 10.9ರ ತನಕ ಎಣಿಸುತ್ತಾರೆ. ಬಿಂದ್ರಾ 10.8 ಹೊಡೆದರು. ಹಾಕಿನೆನ್ 9.7 ಹೊಡೆದು ಮೂರನೇ ಜಾಗಕ್ಕೆ ಇಳಿದರು. ಅಪ್ಪ ಟಿವಿಯ ಮುಂದೆ ಕೂತು ಆ 10.8 ಅನ್ನು ಮತ್ತೆ ಮತ್ತೆ ತೋರಿಸಿದಷ್ಟು ಸಲವೂ ನೋಡಿದರು. "ಇದು ನಮ್ಮ ಕೆಲಸದ ಥರದ್ದೇ ಕಣೋ" ಅಂದರು. ಆಗ ನನಗೆ ಅರ್ಥವಾಗಿರಲಿಲ್ಲ. 2024ರಲ್ಲಿ ಪ್ಯಾರಿಸಿನಿಂದ ಮನು ಭಾಕರ್, ಸರಬ್‌ಜೋತ್ ಸಿಂಗ್, ಸ್ವಪ್ನಿಲ್ ಕುಸಾಳೆ ಪದಕ ತಂದ ಮೇಲೆ ನಮ್ಮ ಗೋಡೌನಿಗೂ ಮಕ್ಕಳು ಜಾಸ್ತಿ ಬರುತ್ತಿದ್ದಾರೆ. ಅವರ ಅಪ್ಪ ಅಮ್ಮಂದಿರು ಹೊರಗೆ ಬೈಕಿನ ಮೇಲೆ ಕೂತು ಕಾಯುತ್ತಾರೆ.

ಮಕ್ಕಳಿಗೆ ಕೋಚ್ ಮೊದಲ ದಿನ ಪೆಲೆಟ್ ಕೊಡುವುದಿಲ್ಲ. ನಿಲ್ಲುವುದು ಕಲಿಸುತ್ತಾರೆ. ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಬೇಕು. ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರಬೇಕು. ಸ್ನಾಯು ದಣಿಯುತ್ತದೆ, ಮೂಳೆ ದಣಿಯುವುದಿಲ್ಲ. ಆಮೇಲೆ ಕಣ್ಣು ಮುಚ್ಚಿ ಎರಡು ಸಲ ಉಸಿರಾಡಿ ಕಣ್ಣು ಬಿಡಬೇಕು. ಉಂಗುರ ಕಾರ್ಡಿನಿಂದ ಪಕ್ಕಕ್ಕೆ ಹೋಗಿದ್ದರೆ ರೈಫಲ್ ಎಳೆದು ತರುವ ಹಾಗಿಲ್ಲ. "ಕೈ ಬೇಡ, ಕಾಲು ಸರಿಸಿ." ಈ ಮಾತನ್ನು ಅವರು ದಿನಕ್ಕೆ ನೂರು ಸಲ ಹೇಳುತ್ತಾರೆ. ಕೈಯಿಂದ ಎಳೆದು ತಂದದ್ದು ಟ್ರಿಗರ್ ಒತ್ತುವ ಗಳಿಗೆಯಲ್ಲಿ ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ. ಪಾದವನ್ನು ಒಂದು ಬೆರಳಷ್ಟು ಸರಿಸಿದರೆ ಇಡೀ ಮೈ ಗುರಿಗೆ ತಿರುಗುತ್ತದೆ. ನನಗೆ ಇದು ಕೈಗೆ ಹತ್ತಲು ಐದು ತಿಂಗಳು ಬೇಕಾಯಿತು.

ಹೊಡೆದ ಮೇಲೂ ರೈಫಲ್ ಇಳಿಸಬಾರದು. ಒಂದೆರಡು ಕ್ಷಣ ಹಾಗೇ ಉಂಗುರ ನೋಡುತ್ತಿರಬೇಕು. ಒಳ್ಳೆಯ ಶೂಟರ್ ಕಾರ್ಡ್ ನೋಡುವ ಮೊದಲೇ "ಒಂಬತ್ತು, ಬಲಗಡೆ" ಅಂತ ಹೇಳುತ್ತಾರೆ. ನಾನು ಹತ್ತರಲ್ಲಿ ಆರನ್ನು ಹೇಳಬಲ್ಲೆ. ಹೋದ ತಿಂಗಳು ಹತ್ತು ಗುಂಡಿಗೆ 92 ಬಂತು. ಬಹಳ ಖುಷಿಯಾಯಿತು.

ಮಾಳಿಗೆಯ ಆ ದಿನದ ನಂತರ ನಾನು ರೇಂಜನ್ನು ಬೇರೆ ಥರ ನೋಡತೊಡಗಿದೆ. ಮೊದಲೆಲ್ಲ ಅಲ್ಲಿನ ಕಟ್ಟುನಿಟ್ಟು ಸೇನೆಯವರ ಅಭ್ಯಾಸ ಅಂದುಕೊಂಡಿದ್ದೆ. ಲೋಡ್ ಅನ್ನುವ ತನಕ ಪೆಲೆಟ್ ಮುಟ್ಟುವಂತಿಲ್ಲ. ಸ್ಟಾಪ್ ಅಂದರೆ ಉಸಿರಿನ ಮಧ್ಯದಲ್ಲೇ ನಿಲ್ಲಬೇಕು. ಮೋಟರ್ ಕೆಟ್ಟು ಯಾರಾದರೂ ಕಾರ್ಡಿನ ಕಡೆ ನಡೆದು ಹೋಗಬೇಕಾದರೆ ಎಂಟೂ ರೈಫಲ್ ಮೇಜಿನ ಮೇಲೆ, ಎಂಟರೊಳಗೂ ಖಾಲಿ ಅಂತ ತೋರಿಸುವ ಕಿತ್ತಳೆ ಬಣ್ಣದ ಎಳೆ ತೂರಿಸಿರಬೇಕು, ಎಂಟೂ ಜನ ಎರಡು ಹೆಜ್ಜೆ ಹಿಂದೆ. ಕಾರ್ಡಿನ ಹಿಂದೆ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಗೋಡೆ. ಗೋಡೆಯ ಆಚೆಗೆ ಏನಿದೆ ಅಂತ ಶೂಟರ್ ಯೋಚಿಸಬೇಕಾಗಿಲ್ಲ. ಬೇರೆಯವರು ಮೊದಲೇ ಯೋಚಿಸಿದ್ದಾರೆ. ರೇಂಜ್ ಅಂದರೆ ನೋಡುವ ಕೆಲಸವನ್ನೆಲ್ಲ ಮೊದಲೇ ಮುಗಿಸಿಟ್ಟ ಜಾಗ. ಅದಕ್ಕೇ ಅಲ್ಲಿ ಕಾಣದ ಚುಕ್ಕೆಗೆ ಧೈರ್ಯವಾಗಿ ಹೊಡೆಯಬಹುದು. ಮಾಳಿಗೆಯ ಮೇಲೆ ಆ ಕೆಲಸವನ್ನು ನನ್ನ ಪರವಾಗಿ ಯಾರೂ ಮಾಡಿರಲಿಲ್ಲ. ನಾನು ಗುರಿ ಇಡುವ ಗಾಜನ್ನೇ ನೋಡುವ ಗಾಜು ಮಾಡಿಕೊಂಡಿದ್ದೆ.

ತಾತನಿಗೆ ಇದು ಗೊತ್ತಿತ್ತು. ಅವರ ಹತ್ತಿರ ಬೆಳೆ ಕಾಯುವುದಕ್ಕೆ ಅಂತ ಲೈಸೆನ್ಸಿನ ನಾಡ ಬಂದೂಕು ಇತ್ತು. ಬಾಯಿಂದ ಮದ್ದು ತುಂಬಿ, ಚರೆ ಹಾಕಿ, ಕಡ್ಡಿಯಿಂದ ಗಿಡಿಯುವ ಕೋವಿ. ಎಲೆಕ್ಷನ್ ಬಂದರೆ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುವರು, ಮುಗಿದ ಮೇಲೆ ತರುವರು. ಅವರು ಶಿಕಾರಿ ಮಾಡುತ್ತಿದ್ದುದು ನಾನು ಹುಟ್ಟುವುದಕ್ಕೂ ಮುಂಚೆ. ವನ್ಯಜೀವಿ ಕಾಯ್ದೆ 1972ರಲ್ಲಿ ಬಂತು. ತಾತನ ಮಾತಿನಲ್ಲಿ ಅದು "ಕಾನೂನು ಬಂದ ವರ್ಷ". ಆಮೇಲೆ ಕೋವಿ ಹಂದಿ ಓಡಿಸಲು ಗಾಳಿಗೆ ಹಾರಿಸುವುದಕ್ಕಷ್ಟೇ ಆಯಿತು.

ಜಗಲಿ ಮೇಲೆ ಕೂತು ಅವರು ಹೇಳಿದ ಒಂದು ಕಥೆ ಮರೆತಿಲ್ಲ. ರಾತ್ರಿ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲ. ಬೆಳಕು ಬಿದ್ದರೆ ಕಾಡುಬೆಕ್ಕು, ಜಿಂಕೆ, ದನ ಎಲ್ಲದರ ಕಣ್ಣೂ ಹೊಳೆಯುತ್ತದೆ. ಈ ಪ್ರಾಣಿಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ. ಒಳಗೆ ಹೋದ ಬೆಳಕನ್ನು ಅದು ಮತ್ತೆ ಹೊರಗೆ ಕಳಿಸುತ್ತದೆ. ಬೇಲಿ ಆಚೆ ಎರಡು ಕಣ್ಣು ಹೊಳೆದವು. ತಾತನ ಜೊತೆಗಿದ್ದವರು ಹಾರಿಸಿದರು. ಹತ್ತಿರ ಹೋಗಿ ನೋಡಿದರೆ ಪಕ್ಕದ ಹಟ್ಟಿಯವರ ಕರು. ಇನ್ನೂ ಉಸಿರಾಡುತ್ತಿತ್ತಂತೆ. ಹಸು ಕಟ್ಟಿದ ಹಗ್ಗ ಕಿತ್ತುಕೊಂಡು ಕೂಗಿದ್ದು ಬೆಳಗಿನ ತನಕ ಕೇಳಿಸಿತಂತೆ. ಕರುವಿನ ಬೆಲೆ ಕೊಟ್ಟರು. ಆದರೆ ಆ ಹಟ್ಟಿಯವರು ಮುಂದೆ ಇವರ ಮನೆಯಲ್ಲಿ ನೀರು ಮುಟ್ಟಲಿಲ್ಲ. ತಾತ ಹೇಳುತ್ತಿದ್ದರು: "ಕಣ್ ಕಂಡ್ರೆ ಸಾಲ್ದು ಮಗಾ, ಮೈ ಕಾಣ್ಬೇಕು. ಮೈ ಕಂಡ್ಮೇಲೆ ಹಿಂದ್ಗಡೆ ಏನೈತೆ ನೋಡ್ಬೇಕು. ಆಮೇಲೆ ಕೋವಿ ಎತ್ಬೇಕು."

ಗುರಿ ಇಡುವ ಮೊದಲು ಹಾಗೆ ನೋಡುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಬೈನಾಕ್ಯುಲರ್ ಕೊಂಡೆ. 8x42. ಎಂಟು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. 42ನ್ನು ಎಂಟರಿಂದ ಭಾಗಿಸಿದರೆ 5.25. ಹೊರಗೆ ಬರುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. ಕೈ ಚಾಚಿ ಆಕಾಶದ ಕಡೆ ಹಿಡಿದರೆ ಹಿಂದಿನ ಗಾಜಿನಲ್ಲಿ ಆ ಬಿಲ್ಲೆ ಎದ್ದು ಕಾಣುತ್ತದೆ. ಮಧ್ಯಾಹ್ನ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕಿರಿದಾಗಿರುತ್ತದೆ, ಆಗ ಯಾವ ಬೈನಾಕ್ಯುಲರಾದರೂ ನಡೆಯುತ್ತದೆ. ಸಂಜೆ ಪಾಪೆ ಅಗಲವಾಗುತ್ತದೆ. ಆಗ ಬಿಲ್ಲೆ ಚಿಕ್ಕದಾಗಿದ್ದರೆ ಚಿತ್ರ ಮಂಕಾಗುತ್ತದೆ. ಗಾಜಿನ ಮೇಲಿನ ನೀಲಿ ಹಸಿರು ಲೇಪನಕ್ಕೂ ಕೆಲಸ ಇದೆ. ಲೇಪನ ಇಲ್ಲದ ಗಾಜಿನ ಪ್ರತಿ ಮುಖವೂ ನೂರಕ್ಕೆ ಸುಮಾರು ನಾಲ್ಕು ಭಾಗ ಬೆಳಕನ್ನು ವಾಪಸ್ ಎಸೆಯುತ್ತದೆ. ಹತ್ತು ಮುಖ ದಾಟುವಷ್ಟರಲ್ಲಿ ಮೂರನೇ ಒಂದು ಪಾಲು ಹೋಗಿಬಿಡುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಈ ಲೇಪನ ಕಂಡುಹಿಡಿದರು.

ಹೋದ ಡಿಸೆಂಬರಿನಲ್ಲಿ ಅದನ್ನು ಭಾವನ ಹೊಲಕ್ಕೆ ತೆಗೆದುಕೊಂಡು ಹೋದೆ. ಭಾವನ ಜಮೀನು ಕೊಡಿಗೇನಹಳ್ಳಿ ಕಡೆ. ಅಲ್ಲಿಂದ ಮೈದನಹಳ್ಳಿ ಹತ್ತಿರ. ಮೈದನಹಳ್ಳಿಯ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಜಿಂಕೆಗಳಿಗೆ ಅದರ ಗಡಿ ಗೊತ್ತಿಲ್ಲ. ಬೆಳೆ ಹಸಿರಾದರೆ ಹೊಲಗಳಿಗೆ ಬರುತ್ತವೆ. ಆ ವರ್ಷ ಭಾವನ ಹೊಲದ ಅಂಚಿನ ಸಾಲುಗಳಲ್ಲಿ ಬುಡ ಮಾತ್ರ ಉಳಿದಿತ್ತು.

"ನೀನು ಶೂಟಿಂಗ್ ಕಲ್ತಿದೀಯಲ್ಲ, ಆ ಗನ್ನಾದ್ರೂ ತಂದಿದ್ರೆ ಒಂದೆರಡು ಹಾರಿಸಿ ಹೆದರಿಸಬಹುದಿತ್ತು" ಅಂದರು ಭಾವ. ತಮಾಷೆಗೆ ಹೇಳಿದ್ದಲ್ಲ. ಅವರು ರಾತ್ರಿ ಹೊಲದಲ್ಲೇ ಮಲಗಿ ಬ್ಯಾಟರಿ ಬಿಟ್ಟು ಬಿಟ್ಟು ಕಣ್ಣು ಕೆಂಪಾಗಿತ್ತು. ನಾನು ಹೇಳಿದೆ. ಭಾವ, ಈ ರೈಫಲ್ಲಿಗೆ ಲೈಸೆನ್ಸ್ ಬೇಡ, ನಿಜ. 4.5 ಮಿಲಿಮೀಟರಿನ, 20 ಜೂಲ್ ಒಳಗಿನ ಶಕ್ತಿಯ ಏರ್ ರೈಫಲ್ಲಿಗೆ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಲೈಸೆನ್ಸ್ ಕೇಳುವುದಿಲ್ಲ. ಲೈಸೆನ್ಸ್ ಇಲ್ಲ ಅಂದರೆ ಪ್ರಾಣಿಗೆ ಹೊಡೆಯಬಹುದು ಅಂತಲ್ಲ. ಪೆಲೆಟ್ ಜಿಂಕೆಯನ್ನು ಕೊಲ್ಲುವುದೂ ಇಲ್ಲ, ಬಿಡುವುದೂ ಇಲ್ಲ. ಒಳಗೆ ಸೀಸ ಉಳಿದು ಗಾಯ ಕೀವಾಗುತ್ತದೆ. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಂದರೆ ಕಮ್ಮಿ ಅಂದರೂ ಮೂರು ವರ್ಷ ಜೈಲು.

"ಅದೆಲ್ಲ ಗೊತ್ತು ಬಿಡು" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಅವರ ನಷ್ಟ ಸುಳ್ಳಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಐದೂಮುಕ್ಕಾಲಿಗೆ ಬೇಲಿಯ ಆಚೆ ಬಂದವು. ಬರಿಗಣ್ಣಿಗೆ ಕಂದು ಚುಕ್ಕೆಗಳು. ಅಕ್ಕನ ಮಗ ತನ್ನ ಪುಟ್ಟ 10x25 ಹಿಡಿದಿದ್ದ. ನಾನು ನನ್ನದನ್ನು ಭಾವನಿಗೆ ಕೊಟ್ಟೆ. ಬದುವಿನ ಮೇಲೆ ಕೂತು, ಎರಡೂ ಮೊಣಕೈ ಮಂಡಿಗೆ ಊರಿಕೊಳ್ಳಿ ಅಂದೆ. ಮೂಳೆಗೆ ಮೂಳೆ. ಕೂತರು. ಚಕ್ರ ತಿರುಗಿಸಿ ತಿರುಗಿಸಿ ಒಂದು ಕಡೆ ನಿಲ್ಲಿಸಿದರು.

"ಕರೀ ಗಂಡು ಒಂದೇ ಇರೋದು" ಅಂದರು. "ಕೊಂಬು ಎಷ್ಟು ಸುತ್ತು ಬಂದೈತೆ ನೋಡು." ಆಮೇಲೆ ಎಣಿಸತೊಡಗಿದರು. ಹೆಣ್ಣು ಹನ್ನೊಂದು. ಇನ್ನೂ ಬಣ್ಣ ಬಾರದ ಎಳೇ ಗಂಡು ಎರಡು. ಹುಲ್ಲಿನಲ್ಲಿ ಕಿವಿ ಮಾತ್ರ ಕಾಣುತ್ತಿದ್ದ ಮರಿ ಒಂದು. ಮೊನ್ನೆ ತಮ್ಮ ಹೊಲ ದಾಟಿದ್ದು ಈ ಗುಂಪಲ್ಲ, ಅದರಲ್ಲಿ ಕುಂಟುವ ಹೆಣ್ಣೊಂದಿತ್ತು ಅಂತ ಬಹಳ ಹೊತ್ತು ಹುಡುಕಿ ಹೇಳಿದರು.

ಬೆಳಕು ಇಳಿಯಿತು. ಹುಡುಗ ತನ್ನದನ್ನು ಕೆಳಗಿಟ್ಟು, "ಏನೂ ಕಾಣ್ತಿಲ್ಲ ಮಾವ, ಮನೆಗೆ ಹೋಗೋಣ" ಅಂದ. ಭಾವ ಕಣ್ಣು ತೆಗೆಯಲಿಲ್ಲ.

"ಇರೋ, ನಂಗಿನ್ನೂ ಕಾಣ್ತಾವೆ" ಅಂದರು.